ಅಕ್ಷರ ಒಲಿಯದ ಮಕ್ಕಳ ಎರಡು ಶತಮಾನ

ಕೇಳಿದ ಕಥೆಯನ್ನು ಸೊಗಸಾಗಿ ತಿರುಗಿ ಹೇಳುವ ಹುಡುಗ ಅದೇ ಕಥೆಯನ್ನು ಪುಸ್ತಕ ನೋಡಿ ಓದು ಎಂದರೆ ಪ್ರತಿ ಪದದಲ್ಲೂ ಎಡವುತ್ತಾನೆ. ಅಂಗಡಿಯ ಚಿಲ್ಲರೆ ಲೆಕ್ಕವನ್ನು ಮನಸ್ಸಿನಲ್ಲೇ ಮಾಡಿ ಮುಗಿಸುವ ಹುಡುಗಿ ಪರೀಕ್ಷೆಯಲ್ಲಿ 53 ಎಂಬುದನ್ನು 35 ಎಂದು ಬರೆದು ಅಂಕ ಕಳೆದುಕೊಳ್ಳುತ್ತಾಳೆ. ಇಂಥ ಮಕ್ಕಳಿಗೆ ನಮ್ಮ ಮನೆಗಳಲ್ಲಿ, ಶಾಲೆಗಳಲ್ಲಿ ಬಹುಕಾಲ ಇದ್ದ ಹೆಸರು ಒಂದೇ: ದಡ್ಡರು. ಇಂದು ವೈದ್ಯರು ಈ ತೊಂದರೆಯನ್ನು ಡಿಸ್ಲೆಕ್ಸಿಯಾ ಎನ್ನುತ್ತಾರೆ. ಕಾನೂನು ಅದನ್ನು ನಿರ್ದಿಷ್ಟ ಕಲಿಕಾ ನ್ಯೂನತೆ ಎನ್ನುತ್ತದೆ. ನ್ಯೂನತೆ ಎಂಬ ಮಾತನ್ನೇ ಒಪ್ಪದ ಕೆಲವು ಶಾಲೆಗಳು ಕಲಿಕೆಯ ಭಿನ್ನತೆ ಎಂದು ಕರೆಯುತ್ತವೆ.

ಯಲಹಂಕದಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ರಸ್ತೆಯಲ್ಲಿ ಸಿಗುವ ರಾಜಾನುಕುಂಟೆಯ ಆಸುಪಾಸು ಇಂದು ವಿದ್ಯಾಸಂಸ್ಥೆಗಳ ಪ್ರದೇಶ. ಎಂಜಿನಿಯರಿಂಗ್ ಕಾಲೇಜಿನಿಂದ ಖಾಸಗಿ ವಿಶ್ವವಿದ್ಯಾಲಯದವರೆಗೆ ಎಲ್ಲವೂ ಇಲ್ಲಿವೆ. ಇವುಗಳ ನಡುವೆ, ಸಮೀಪದ ಅದ್ದೆ ವಿಶ್ವನಾಥಪುರದಲ್ಲಿ, ಪೂರ್ಣ ಕಲಿಕಾ ಕೇಂದ್ರ ಎಂಬ ಪುಟ್ಟ ಶಾಲೆಯೊಂದಿದೆ. 1993ರಲ್ಲಿ ಇಂದಿರಾ ವಿಜಯಸಿಂಹ ಅವರ ಮುಂದಾಳತ್ವದಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಈ ಶಾಲೆ, ನಗರದ ಪರ್ಯಾಯ ಶಾಲೆಗಳ ಸಾಲಿಗೆ ಸೇರಿದ್ದು. ಎಲ್ಲ ಮಕ್ಕಳೂ ಒಂದೇ ವೇಗದಲ್ಲಿ, ಒಂದೇ ರೀತಿಯಲ್ಲಿ ಕಲಿಯಬೇಕಿಲ್ಲ ಎಂಬುದು ಇಂಥ ಶಾಲೆಗಳ ಮೂಲ ನಂಬಿಕೆ. ಓದು–ಬರಹದಲ್ಲಿ ಹಿಂದೆ ಬಿದ್ದ ಮಗುವನ್ನು ಉಳಿದವರ ಜೊತೆಯಲ್ಲೇ ಕೂರಿಸಿ ಕಲಿಸಲು ಅವು ಯತ್ನಿಸುತ್ತವೆ.

ಈ ನಂಬಿಕೆ ಹೊಸದಾಗಿ ಪರದೇಶದಿಂದ ಬಂದದ್ದು ಎಂದು ತಿಳಿಯುವವರು ಹಲವರು. ಇತಿಹಾಸ ನೋಡಿದರೆ ವಿಷಯ ಅಷ್ಟು ಸರಳವಾಗಿಲ್ಲ. ಅಕ್ಷರ ಒಲಿಯದ ಮಗುವಿನ ಕಡೆಗೆ ಎರಡು ದಾರಿಗಳು ಹೊರಟಿವೆ. ಒಂದು ಆಸ್ಪತ್ರೆಯಿಂದ ಹೊರಟು ಮಗುವಿನ ತೊಂದರೆಗೆ ಹೆಸರು ಕೊಟ್ಟಿತು. ಇನ್ನೊಂದು ಶಾಲೆಯಿಂದ ಹೊರಟು ಮಗುವಿಗೆ ಸಮಯ ಕೊಟ್ಟಿತು. ಎರಡೂ ದಾರಿಗಳಲ್ಲಿ ಕನ್ನಡ ನಾಡಿನ ಹೆಜ್ಜೆ ಗುರುತುಗಳಿವೆ.

ಮರಳಿನ ಮೇಲೆ ಬೆರಳು

1823ರಲ್ಲಿ ಬಳ್ಳಾರಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ ಜಿಲ್ಲೆ. ಪ್ರಾಂತ್ಯದ ಗವರ್ನರ್ ಥಾಮಸ್ ಮನ್ರೋ ಅವರು ದೇಶೀ ಶಾಲೆಗಳ ಬಗ್ಗೆ ಎಲ್ಲ ಕಲೆಕ್ಟರುಗಳಿಂದ ವರದಿ ಕೇಳಿದ್ದರು. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ಆ ವರ್ಷದ ಆಗಸ್ಟಿನಲ್ಲಿ ಕಳುಹಿಸಿದ ವರದಿ ಅವುಗಳಲ್ಲೆಲ್ಲ ವಿವರವಾದದ್ದು. ಸುಮಾರು 9.27 ಲಕ್ಷ ಜನಸಂಖ್ಯೆಯ ಆ ಜಿಲ್ಲೆಯಲ್ಲಿ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರೆಂದು ಅವರು ಲೆಕ್ಕ ಕೊಟ್ಟಿದ್ದಾರೆ.

ಆ ಶಾಲೆಗಳಲ್ಲಿ ಮಕ್ಕಳು ಅಕ್ಷರ ಕಲಿಯುತ್ತಿದ್ದುದು ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಿನಿಂದ ಬರೆದು. ಯುರೋಪಿನವರಂತೆ ಬರೀ ಬಾಯಿಪಾಠದಿಂದ ಅಲ್ಲ ಎಂಬುದನ್ನು ಕ್ಯಾಂಪ್‌ಬೆಲ್ ವಿಶೇಷವಾಗಿ ಗುರುತಿಸಿದರು. ಮರಳಿನಲ್ಲಿ ಕೈ ಪಳಗಿದ ಮೇಲೆ ಓಲೆಗರಿ, ಕಾಗದ ಅಥವಾ ಹಲಗೆಯಂತೆ ಬಳಸುತ್ತಿದ್ದ ಕಡತ. ಮಕ್ಕಳನ್ನು ಅವರವರ ಕಲಿಕೆಗೆ ತಕ್ಕಂತೆ ಗುಂಪು ಮಾಡಲಾಗುತ್ತಿತ್ತು. ಮುಂದೆ ಹೋದವರು ಹಿಂದಿನವರಿಗೆ ಕಲಿಸುತ್ತಿದ್ದರು. ಹಿರಿಯ ವಿದ್ಯಾರ್ಥಿ ಕಿರಿಯನಿಗೆ ಕಲಿಸುವ ಈ ಪದ್ಧತಿಯನ್ನು ಆ್ಯಂಡ್ರ್ಯೂ ಬೆಲ್ ಎಂಬ ಪಾದ್ರಿ ಅದಕ್ಕೂ ಮುಂಚೆಯೇ ಮದ್ರಾಸಿನ ಅನಾಥಾಲಯವೊಂದರಲ್ಲಿ ಬಳಸಿ, 1797ರಲ್ಲಿ ಇಂಗ್ಲೆಂಡಿನಲ್ಲಿ ಪುಸ್ತಕ ಬರೆದು ಪ್ರಚಾರ ಮಾಡಿದ್ದರು. ಇಂಗ್ಲೆಂಡ್ ಅನುಕರಿಸಿದ್ದು ಯೋಗ್ಯವೇ ಆಗಿದೆ ಎಂದು ಕ್ಯಾಂಪ್‌ಬೆಲ್ ಕೂಡ ಮೆಚ್ಚಿದರು.

ಹಾಗೆಂದು ಆ ಕಾಲದ ಮಠಗಳನ್ನು ಹೊಗಳಿ ಅಟ್ಟಕ್ಕೇರಿಸಬೇಕಿಲ್ಲ. ಅವುಗಳ ಬಾಗಿಲು ಎಲ್ಲ ಜಾತಿಯವರಿಗೂ, ಹೆಣ್ಣುಮಕ್ಕಳಿಗೂ ಸಮಾನವಾಗಿ ತೆರೆದಿರಲಿಲ್ಲ. ಶಿಕ್ಷೆಯೂ ಕಠೋರ. ಬೆಳಿಗ್ಗೆ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಂದ ಬೆತ್ತದ ಏಟು ಶುರುವಾಗಿ ಒಂದೊಂದಾಗಿ ಏರುತ್ತಿತ್ತು. ಸೋಮಾರಿ ಎನಿಸಿದವನ ಎರಡೂ ಕೈಗಳನ್ನು ಕಟ್ಟಿ ಸೂರಿಗೆ ತೂಗಿಹಾಕುವುದು, ಬಿಡದೆ ಬಸ್ಕಿ ಹೊಡೆಸುವುದು ಇವನ್ನೂ ವರದಿ ದಾಖಲಿಸಿದೆ. ಹಳಬರ ಬಾಯಲ್ಲಿ ಕೋದಂಡ ಎಂದು ಉಳಿದಿರುವ ಶಿಕ್ಷೆ ಇದೇ. ಅಕ್ಷರ ತಲೆಗೆ ಹತ್ತದ ಹುಡುಗನನ್ನೂ ಮೈಗಳ್ಳನನ್ನೂ ಬೇರೆ ಮಾಡಿ ನೋಡುವ ಕಣ್ಣು ಆಗಿನ್ನೂ ಇರಲಿಲ್ಲ. ಒಂದು ಮಾತ್ರ ನಿಜ. ಇಷ್ಟು ವಯಸ್ಸಿಗೆ ಇಷ್ಟು ಪಾಠ ಮುಗಿದಿರಲೇಬೇಕು ಎಂಬ ಸರ್ಕಾರಿ ಗಡಿಯಾರ ಆ ಶಾಲೆಗಳಲ್ಲಿ ಇರಲಿಲ್ಲ.

ತರಗತಿ ಬಂತು, ನಪಾಸು ಬಂತು

ಮೈಸೂರು ಸಂಸ್ಥಾನದಲ್ಲಿ ಶಿಕ್ಷಣ ಇಲಾಖೆ ಸ್ಥಾಪನೆಯಾದದ್ದು 1857ರಲ್ಲಿ. 1868ರಿಂದ ಹೋಬಳಿ ಶಾಲೆಗಳ ಯೋಜನೆ ಹಳ್ಳಿಗಳನ್ನು ತಲುಪತೊಡಗಿತು. ಸರ್. ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸಲು ಅವಕಾಶ ನೀಡುವ ಕಾಯಿದೆ ಬಂತು. ವಿದ್ಯೆಯನ್ನು ಎಲ್ಲರ ಹಕ್ಕಿನತ್ತ ಕೊಂಡೊಯ್ದ ದೊಡ್ಡ ಹೆಜ್ಜೆಗಳಿವು.

ಆದರೆ ಹೊಸ ಶಾಲೆಯೊಂದಿಗೆ ಹೊಸ ವ್ಯವಸ್ಥೆಯೂ ಬಂತು. ಒಂದು ವರ್ಷಕ್ಕೆ ಒಂದು ತರಗತಿ, ಒಂದು ತರಗತಿಗೆ ಒಂದು ಪಠ್ಯಪುಸ್ತಕ, ಕೊನೆಯಲ್ಲಿ ಒಂದು ಪರೀಕ್ಷೆ. ಪಾಸು, ನಪಾಸು ಎಂಬ ಎರಡೇ ಗೂಡುಗಳು. ನಿಧಾನವಾಗಿ ಕಲಿಯುವ ಮಗು ಮೊದಲ ಬಾರಿಗೆ ಲೆಕ್ಕಪುಸ್ತಕದಲ್ಲಿ ಎದ್ದು ಕಾಣತೊಡಗಿತು. ಶಾಲೆಗೆ ಬಾರದಿದ್ದಾಗ ಹೊಲದಲ್ಲೋ ಮಗ್ಗದಲ್ಲೋ ಜಾಣನೆನಿಸಿಕೊಳ್ಳುತ್ತಿದ್ದವನು ಶಾಲೆಗೆ ಬಂದು ದಡ್ಡನಾದ.

ಯುರೋಪಿನಲ್ಲೂ ಇದೇ ಆಯಿತು. ಇಂಗ್ಲೆಂಡಿನಲ್ಲಿ 1880ರಲ್ಲಿ ಶಾಲಾ ಹಾಜರಿ ಕಡ್ಡಾಯವಾಯಿತು. 1896ರ ನವೆಂಬರಿನಲ್ಲಿ ಡಬ್ಲ್ಯು. ಪ್ರಿಂಗಲ್ ಮಾರ್ಗನ್ ಎಂಬ ವೈದ್ಯರು ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ 14 ವರ್ಷದ ಪರ್ಸಿ ಎಂಬ ಹುಡುಗನ ಬಗ್ಗೆ ಬರೆದರು. ಅವನ ಕಣ್ಣು ಚೆನ್ನಾಗಿತ್ತು, ಬುದ್ಧಿ ಚುರುಕಾಗಿತ್ತು. 749ನ್ನು 867ರಿಂದ ಸಲೀಸಾಗಿ ಗುಣಿಸುತ್ತಿದ್ದ. ಆದರೆ ತನ್ನ ಹೆಸರನ್ನೇ ಅಕ್ಷರ ತಿರುವುಮುರುವಾಗಿ ಬರೆಯುತ್ತಿದ್ದ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವಂತಿದ್ದರೆ ಶಾಲೆಯಲ್ಲಿ ಇವನಿಗಿಂತ ಜಾಣನಿಲ್ಲ ಎಂದು ಅವನ ಮೇಷ್ಟರೇ ಹೇಳಿದ್ದರು. ಮಾರ್ಗನ್ ಇದನ್ನು ಹುಟ್ಟಿನಿಂದ ಬಂದ ಪದಕುರುಡು ಎಂದರು. ಡಿಸ್ಲೆಕ್ಸಿಯಾ ಎಂಬ ಪದವನ್ನು ಜರ್ಮನಿಯ ನೇತ್ರವೈದ್ಯ ರುಡಾಲ್ಫ್ ಬರ್ಲಿನ್ ಅದಾಗಲೇ 1880ರ ದಶಕದಲ್ಲಿ ಬಳಸಿದ್ದರು.

ಮುಂದೆ 1905ರಲ್ಲಿ ಪ್ಯಾರಿಸ್ಸಿನ ಆಲ್ಫ್ರೆಡ್ ಬಿನೆ, ವಿಶೇಷ ನೆರವು ಬೇಕಾದ ಮಕ್ಕಳನ್ನು ಗುರುತಿಸಲೆಂದು ಬುದ್ಧಿಮಾಪನ ಪರೀಕ್ಷೆ ರೂಪಿಸಿದರು. ಅದು ಕನ್ನಡ ನಾಡಿಗೆ ಬರಲು ತಡವಾಗಲಿಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಅದರ ಮುಖ್ಯಸ್ಥರು ಮುಂದೆ 1935ರಲ್ಲಿ ಮೈಸೂರಿನಲ್ಲಿ ಆಕಾಶವಾಣಿ ಕೇಂದ್ರ ತೆರೆದು ಹೆಸರಾದ ಪ್ರೊ. ಎಂ.ವಿ. ಗೋಪಾಲಸ್ವಾಮಿ. ಮುಂಬಯಿ ಕರ್ನಾಟಕದಲ್ಲಿ ವಿ.ವಿ. ಕಾಮತ್ ಅವರು ಬಿನೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸಿದರು. ಅವರ ಪುಸ್ತಕ 1940ರಲ್ಲಿ ಪ್ರಕಟವಾಯಿತು. ಬಿನೆ–ಕಾಮತ್ ಪರೀಕ್ಷೆ ಎಂಬ ಹೆಸರು ಭಾರತದ ಚಿಕಿತ್ಸಾಲಯಗಳಲ್ಲಿ ಇಂದಿಗೂ ಪರಿಚಿತ. ಆದರೆ ಬುದ್ಧಿಮಾಪನದ ಅಂಕಿಯೊಂದೇ ಪರ್ಸಿಯಂಥ ಹುಡುಗನ ಒಗಟನ್ನು ಬಿಡಿಸುವುದಿಲ್ಲ. ಅಲ್ಲಿ ಅವನು ಪಾಸಾಗುತ್ತಾನೆ, ಓದಿನಲ್ಲಿ ಮಾತ್ರ ಸೋಲುತ್ತಾನೆ. ಬುದ್ಧಿಗೆ ಕೊರತೆಯಿಲ್ಲದೆಯೂ ಓದು, ಬರಹ, ಲೆಕ್ಕಗಳಲ್ಲಿ ಕಾಣುವ ಈ ತೊಡಕಿಗೆ ಕಲಿಕಾ ನ್ಯೂನತೆ ಎಂಬ ಹೆಸರನ್ನು ಅಮೆರಿಕದ ಸ್ಯಾಮ್ಯುಯೆಲ್ ಕರ್ಕ್ 1963ರಲ್ಲಿ, ಶಿಕಾಗೊದಲ್ಲಿ ಸೇರಿದ್ದ ಪೋಷಕರ ಸಭೆಯಲ್ಲಿ ಮುಂದಿಟ್ಟರು.

ಕನ್ನಡಕ್ಕೂ ಇದೆಯೇ ಈ ತೊಡಕು?

ಇಂಗ್ಲಿಷಿನ ಕಾಗುಣಿತಕ್ಕೆ ನಿಯಮವಿಲ್ಲ, ಆದ್ದರಿಂದ ಅಲ್ಲಿನ ಮಕ್ಕಳು ತಡವರಿಸುತ್ತಾರೆ. ನುಡಿದಂತೆ ಬರೆಯುವ, ಬರೆದಂತೆ ಓದುವ ಕನ್ನಡದಲ್ಲಿ ಇಂಥ ತೊಂದರೆ ಎಲ್ಲಿಂದ ಎಂಬ ವಾದ ಬಹಳ ಕಾಲ ಇತ್ತು. ಇದಕ್ಕೆ ಉತ್ತರ ಸಿಕ್ಕಿದ್ದು ಮೈಸೂರಿನಲ್ಲಿ. 1980ರ ದಶಕದಲ್ಲಿ ಎಸ್. ರಮಾ ಅವರು ಕನ್ನಡ ಓದುವ ಮಕ್ಕಳಲ್ಲಿ ಡಿಸ್ಲೆಕ್ಸಿಯಾ ಕುರಿತು ಮೈಸೂರು ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸಿದರು. ವೇಲ್ಸ್‌ನ ಹೆಸರಾಂತ ತಜ್ಞ ಟಿ.ಆರ್. ಮೈಲ್ಸ್ ಮತ್ತು ಲಲಿತಮ್ಮ ಅವರೊಂದಿಗೆ 1993ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧ, ಕನ್ನಡದಲ್ಲೂ ಈ ತೊಡಕು ಇದೆ ಎಂದು ತೋರಿಸಿತು. ತೊಂದರೆ ಕಣ್ಣಿನದಲ್ಲ, ಬರೆದ ಗುರುತನ್ನು ಅದರ ದನಿಯೊಂದಿಗೆ ಬೆಸೆಯುವುದರಲ್ಲಿದೆ.

ಕನ್ನಡ ಲಿಪಿಯ ರಚನೆ ನೋಡಿದರೆ ಇದು ಅರ್ಥವಾಗುತ್ತದೆ. ವರ್ಣಮಾಲೆಯಲ್ಲಿ 49 ಅಕ್ಷರಗಳು. 34 ವ್ಯಂಜನಗಳಿಗೂ ಕಾಗುಣಿತ ಬರೆದರೆ, ಅನುಸ್ವಾರ ವಿಸರ್ಗ ಸೇರಿ, 510 ರೂಪಗಳಾಗುತ್ತವೆ. ಒತ್ತಕ್ಷರಗಳು ಬೇರೆ. ದ, ಧ, ಥ, ಬ, ಭ, ಪ, ಷ, ಡ, ಢ ಇವುಗಳ ನಡುವಿನ ವ್ಯತ್ಯಾಸ ಒಂದು ಸಣ್ಣ ಗೀಟಿನದು, ಚುಕ್ಕೆಯದು. ‘ತ’ ಅಕ್ಷರದ ಒತ್ತಿಗೂ ಮೂಲ ಅಕ್ಷರಕ್ಕೂ ಹೋಲಿಕೆಯೇ ಇಲ್ಲ. ‘ಸೂರ್ಯ’ ಎಂಬಲ್ಲಿ ಮೊದಲು ನುಡಿಯುವ ರಕಾರವನ್ನು ಅರ್ಕಾವೊತ್ತಾಗಿ ಆಮೇಲೆ ಬರೆಯಬೇಕು. ದೊಡ್ಡವರಿಗೆ ಸಹಜವಾಗಿ ಹೋದ ಈ ಸಂಗತಿಗಳು ಕಲಿಯುವ ಮಗುವಿಗೆ ಒಂದೊಂದೂ ಮೆಟ್ಟಿಲು.

ಬೆಂಗಳೂರಿನ ಪ್ರಾಮಿಸ್ ಫೌಂಡೇಷನ್ನಿನ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಮುಖ್ಯ ಅಂಶವನ್ನು ಹೊರಗೆಡಹಿತು. ಕನ್ನಡದ ಅಕ್ಷರಗಳೆಲ್ಲ ಕೈವಶವಾಗಲು ಸಾಮಾನ್ಯ ಮಕ್ಕಳಿಗೂ ನಾಲ್ಕನೇ ತರಗತಿಯವರೆಗೆ, ಅದಕ್ಕೂ ಆಚೆಗೆ, ಕಾಲ ಬೇಕು. ಒಂದನೇ ತರಗತಿಯಲ್ಲೇ ಅಕ್ಷರಾಭ್ಯಾಸ ಮುಗಿಯಿತು ಎಂದುಕೊಳ್ಳುವ ಶಾಲೆಗೆ ಇದು ಎಚ್ಚರಿಕೆಯ ಮಾತು. ತಡವಾಗಿ ಕಲಿಯುವುದು ಬೇರೆ, ಭಿನ್ನವಾಗಿ ಕಲಿಯುವುದು ಬೇರೆ. ಅವಸರದ ಶಾಲೆಗೆ ಎರಡೂ ಒಂದೇ ಆಗಿ ಕಾಣುತ್ತವೆ. ಕಾದು ನೋಡುವ ಶಾಲೆ ಮಾತ್ರ ಇವೆರಡನ್ನು ಬೇರ್ಪಡಿಸಬಲ್ಲದು.

ನೀಲ್‌ಬಾಗ್‌ನಿಂದ ಹೆಗ್ಗಡದೇವನಕೋಟೆಗೆ

ಕಾದು ನೋಡುವ ಶಾಲೆಯ ದಾರಿ ಮತ್ತೆ ತೆರೆದದ್ದು ಕೋಲಾರ ಜಿಲ್ಲೆಯಲ್ಲಿ. 1972ರಲ್ಲಿ ಡೇವಿಡ್ ಹಾರ್ಸ್‌ಬರೊ ಎಂಬ ಇಂಗ್ಲಿಷ್ ಶಿಕ್ಷಕರು ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡು ಬಳಿ ನೀಲ್‌ಬಾಗ್ ಶಾಲೆ ಆರಂಭಿಸಿದರು. ಮಕ್ಕಳು ಸುತ್ತಲಿನ ಹಳ್ಳಿಗಳವರು. ವಯಸ್ಸಿಗೆ ತಕ್ಕ ತರಗತಿಗಳಿರಲಿಲ್ಲ, ಪರೀಕ್ಷೆ, ಶಿಕ್ಷೆ, ಬಹುಮಾನಗಳಿರಲಿಲ್ಲ. ಪ್ರತಿ ಮಗುವೂ ತನ್ನ ವೇಗದಲ್ಲಿ ಮುಂದೆ ಸಾಗಬೇಕು, ದೊಡ್ಡವರು ಚಿಕ್ಕವರು ಕೂಡಿ ಕಲಿಯಬೇಕು ಎಂಬುದು ಅಲ್ಲಿನ ರೀತಿ. ಹಾರ್ಸ್‌ಬರೊ 1984ರಲ್ಲಿ ತೀರಿಕೊಂಡರು. ಆ ವೇಳೆಗೆ ಅವರಲ್ಲಿ ತರಬೇತಿ ಪಡೆದವರು ಬೇರೆಡೆ ಇಂಥ ಶಾಲೆಗಳನ್ನು ಕಟ್ಟತೊಡಗಿದ್ದರು.

ಅವರಲ್ಲಿ ರಮಾ ಮತ್ತು ಪದ್ಮನಾಭ ರಾವ್ ದಂಪತಿ ಆಂಧ್ರದ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳಿಗಾಗಿ ಕಲಿಕೆಯ ಏಣಿ ಮತ್ತು ಕಾರ್ಡುಗಳ ವಿಧಾನ ರೂಪಿಸಿದರು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲಾ ಶಿಕ್ಷಕರು ಅಲ್ಲಿಗೆ ಹೋಗಿ ನೋಡಿ ಬಂದು, ಯುನಿಸೆಫ್ ನೆರವಿನೊಂದಿಗೆ 1995ರಲ್ಲಿ ನಲಿ–ಕಲಿ ಆರಂಭಿಸಿದರು. 2009–10ರಲ್ಲಿ ಅದು ರಾಜ್ಯದ ಕನ್ನಡ ಸರ್ಕಾರಿ ಶಾಲೆಗಳ ಮೊದಲ ತರಗತಿಗಳಿಗೆಲ್ಲ ವ್ಯಾಪಿಸಿತು. ಅ, ಆ, ಇ, ಈ ಎಂಬ ಸಾಂಪ್ರದಾಯಿಕ ಕ್ರಮ ಬಿಟ್ಟು ರ, ಗ, ಸ, ದ, ಅ ಎಂದು ಆರಂಭಿಸಿದ್ದು ಅದರ ವಿಶೇಷ. ಬರೆಯಲು ಸುಲಭವಾದ, ಕೂಡಲೇ ‘ಸರ’, ‘ಗರಗಸ’, ‘ಅರಸ’ ಎಂಬ ಪದಗಳಾಗುವ ಅಕ್ಷರಗಳಿವು. ಒಂದು ಮೆಟ್ಟಿಲಲ್ಲಿ ನಿಂತ ಮಗುವನ್ನು ಮುಂದಿನದಕ್ಕೆ ದಬ್ಬುವುದಿಲ್ಲ. ರಜೆ ಹಾಕಿದ ಮಗು ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ಪರ್ಯಾಯ ಶಾಲೆಯ ತತ್ವವೊಂದು ಹೀಗೆ ಸರ್ಕಾರಿ ಶಾಲೆಯ ಬಾಗಿಲಿಗೆ ಬಂತು.

ಇತ್ತ ವಿಶೇಷ ಬೋಧನೆಯಲ್ಲೂ ಕುತೂಹಲದ ಹೋಲಿಕೆಯಿದೆ. ಅಮೆರಿಕದ ಸ್ಯಾಮ್ಯುಯೆಲ್ ಆರ್ಟನ್ ಮತ್ತು ಆ್ಯನಾ ಗಿಲ್ಲಿಂಗ್‌ಹ್ಯಾಮ್ 1930ರ ದಶಕದಲ್ಲಿ ರೂಪಿಸಿದ ವಿಧಾನವೇ ಇಂದು ಡಿಸ್ಲೆಕ್ಸಿಯಾ ಇರುವ ಮಕ್ಕಳ ಬೋಧನೆಗೆ ಮುಖ್ಯ ಆಧಾರ. ಕಣ್ಣು, ಕಿವಿ, ಕೈ ಮೂರನ್ನೂ ಒಟ್ಟಿಗೆ ದುಡಿಸುವುದು ಅದರ ತಿರುಳು. ಮಗು ಅಕ್ಷರ ನೋಡುತ್ತದೆ, ಅದರ ದನಿ ಹೇಳುತ್ತದೆ, ಅದೇ ಹೊತ್ತಿಗೆ ಬೆರಳಿನಿಂದ ತಿದ್ದುತ್ತದೆ. ತಿದ್ದಲು ಬಳಸುವ ಸಾಮಗ್ರಿಗಳಲ್ಲಿ ಒಂದು, ತಟ್ಟೆಯಲ್ಲಿ ಹರಡಿದ ಮರಳು.

ಕಾನೂನಿನ ಬಾಗಿಲು

ಹೆಸರು ಕೊಡುವ ದಾರಿಯಲ್ಲಿ ಬೆಂಗಳೂರಿನ ಪಾತ್ರ ದೊಡ್ಡದು. 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್‌ನಲ್ಲಿ ಮಾಳವಿಕಾ ಕಪೂರ್ ಮತ್ತು ಸಹೋದ್ಯೋಗಿಗಳು 1990ರ ದಶಕದ ಆರಂಭದಲ್ಲಿ ಕಲಿಕಾ ನ್ಯೂನತೆ ಗುರುತಿಸುವ ಪರೀಕ್ಷಾ ಮಾಲಿಕೆ ಸಿದ್ಧಪಡಿಸಿದರು. ಆದರೂ 1995ರ ಅಂಗವಿಕಲರ ಕಾಯಿದೆಯಲ್ಲಿ ಈ ಮಕ್ಕಳಿಗೆ ಜಾಗ ಸಿಗಲಿಲ್ಲ. 2007ರ ಡಿಸೆಂಬರಿನಲ್ಲಿ ಬಂದ ‘ತಾರೇ ಜಮೀನ್ ಪರ್’ ಚಿತ್ರ ಡಿಸ್ಲೆಕ್ಸಿಯಾ ಎಂಬ ಪದವನ್ನು ಮನೆಮಾತಾಗಿಸಿತು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ 21 ನ್ಯೂನತೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿತು. ಇಂಥ ಮಕ್ಕಳನ್ನು ಆದಷ್ಟು ಬೇಗ ಗುರುತಿಸಿ ತಕ್ಕ ಬೋಧನೆ ಕೊಡುವುದು ಶಾಲೆಗಳ ಹೊಣೆಯಾಯಿತು. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವ ಸಹಾಯಕ, ದ್ವಿತೀಯ ಮತ್ತು ತೃತೀಯ ಭಾಷೆಯಿಂದ ವಿನಾಯಿತಿ ಇವೆಲ್ಲ ಕಾಯಿದೆಯಲ್ಲೇ ಬಂದವು. 2018ರ ಕೇಂದ್ರ ಮಾರ್ಗಸೂಚಿ ನಿಮ್ಹಾನ್ಸ್ ಪರೀಕ್ಷಾ ಮಾಲಿಕೆಯನ್ನೇ ಪ್ರಮಾಣಪತ್ರಕ್ಕೆ ಅಳತೆಗೋಲಾಗಿ ಗೊತ್ತುಮಾಡಿತು. 2024ರಲ್ಲಿ ಆ ಮಾರ್ಗಸೂಚಿ ಪರಿಷ್ಕಾರಗೊಂಡಿತು.

ಇನ್ನೊಂದು ಬಾಗಿಲು 1989ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮುಕ್ತ ಶಾಲೆಯದು. ವಿಷಯಗಳ ಆಯ್ಕೆಯಲ್ಲಿ ಇಲ್ಲಿ ಸ್ವಾತಂತ್ರ್ಯವಿದೆ. ಐದು ವರ್ಷಗಳ ಅವಧಿಯಲ್ಲಿ ಒಂದೊಂದೇ ವಿಷಯವನ್ನು ಬರೆದು ಮುಗಿಸಬಹುದು. ಲೆಕ್ಕವೋ ಭಾಷೆಯೋ ತೊಡಕಾದ ಮಗು ಎಲ್ಲವನ್ನೂ ಒಂದೇ ಮಾರ್ಚ್ ತಿಂಗಳಲ್ಲಿ ಗೆಲ್ಲಬೇಕಿಲ್ಲ. ಹಲವು ಪರ್ಯಾಯ ಶಾಲೆಗಳು ತಮ್ಮ ಮಕ್ಕಳನ್ನು ಈ ದಾರಿಯಲ್ಲಿ ಹತ್ತನೆಯ ತರಗತಿ ದಾಟಿಸುತ್ತವೆ.

ಕಾನೂನು ಕೊಟ್ಟ ರಿಯಾಯಿತಿ ಮುಖ್ಯವಾಗಿ ಪರೀಕ್ಷೆಯ ದಿನದ್ದು. ಅದಕ್ಕೆ ಮುಂಚಿನ ಹತ್ತು ವರ್ಷ ತರಗತಿಯಲ್ಲಿ ಏನು ನಡೆಯಿತು ಎಂಬುದನ್ನು ಪ್ರಮಾಣಪತ್ರ ಹೇಳುವುದಿಲ್ಲ. ಉತ್ತರವನ್ನು ಬಾಯಲ್ಲಿ ಹೇಳಲು ಬಿಡುವುದು, ಕಾಪಿ ಬರೆಸುವ ಬದಲು ಚಿತ್ರದಲ್ಲಿ ತೋರಿಸಲು ಹೇಳುವುದು, ಇಡೀ ತರಗತಿಯ ಎದುರು ಗಟ್ಟಿಯಾಗಿ ಓದಿಸಿ ನಗೆಪಾಟಲು ಮಾಡದಿರುವುದು, ತಪ್ಪುಗಳ ಮಾದರಿ ಯಾವುದು ಎಂದು ಶಿಕ್ಷಕರು ಬರೆದಿಟ್ಟುಕೊಳ್ಳುವುದು ಇವಕ್ಕೆ ದೊಡ್ಡ ಖರ್ಚಿಲ್ಲ. ಆದರೆ ತರಗತಿಯಲ್ಲಿ ಮಕ್ಕಳ ಸಂಖ್ಯೆ ಮಿತವಾಗಿರಬೇಕು, ಶಿಕ್ಷಕರಿಗೆ ಬಿಡುವಿರಬೇಕು. ಪರ್ಯಾಯ ಶಾಲೆಗಳಿಗೆ ಇದು ಸಾಧ್ಯವಾದದ್ದು ಅವು ಚಿಕ್ಕವು ಎಂಬ ಕಾರಣದಿಂದ. ಅಲ್ಲಿಗೆ ಮಕ್ಕಳನ್ನು ಕಳುಹಿಸುವುದು ಎಲ್ಲ ಪೋಷಕರಿಗೂ ನಿಲುಕುವ ಮಾತಲ್ಲ ಎಂಬುದೂ ನಿಜವೇ.

ಅತಿ ಕಷ್ಟದ ಸ್ಥಿತಿ ಕನ್ನಡ ಮಾಧ್ಯಮದ ಹಳ್ಳಿಯ ಮಗುವಿನದು. ಭಾರತೀಯ ಭಾಷೆಗಳಲ್ಲಿ ಪರೀಕ್ಷಾ ಸಾಮಗ್ರಿಯ ಕೊರತೆ ನೀಗಿಸಲೆಂದು ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ 2015ರಲ್ಲಿ ‘ಡಾಲಿ’ ಎಂಬ ಪರೀಕ್ಷೆಯನ್ನು ಹೊರತಂದಾಗ ಹಿಂದಿ, ಮರಾಠಿ, ಇಂಗ್ಲಿಷ್ ಜೊತೆ ಕನ್ನಡವೂ ಅದರಲ್ಲಿತ್ತು. ಸಾಮಗ್ರಿ ಬಂದರೆ ಸಾಲದು, ಅದನ್ನು ಬಳಸಬಲ್ಲವರು ಹಳ್ಳಿ ಶಾಲೆಯ ಹತ್ತಿರದಲ್ಲಿ ಇರಬೇಕು. ತಂದೆ ತಾಯಿ ಒಂದು ದಿನದ ಕೂಲಿ ಬಿಟ್ಟು, ಬಸ್ಸು ಹತ್ತಿ, ಮಗುವಿನ ಬುದ್ಧಿಯಲ್ಲಿ ದೋಷವಿಲ್ಲ ಎಂಬ ಕಾಗದಕ್ಕಾಗಿ ದೂರದ ಆಸ್ಪತ್ರೆಗೆ ಅಲೆಯಬೇಕಾದರೆ ಹಕ್ಕು ಕಾಯಿದೆಯ ಪುಟದಲ್ಲೇ ಉಳಿಯುತ್ತದೆ. ಅಷ್ಟರಲ್ಲಿ ಆ ಮಗು ತಾನು ದಡ್ಡ ಎಂಬುದನ್ನು ನಂಬಿಬಿಟ್ಟಿರುತ್ತದೆ. ಅಕ್ಷರ ಕಲಿಯದ್ದಕ್ಕಿಂತ ದೊಡ್ಡ ನಷ್ಟ ಅದು, ಶಾಲೆ ಬಿಡಿಸುವುದೂ ಹೆಚ್ಚಾಗಿ ಅದೇ.

ನಲಿ–ಕಲಿಯ ಏಣಿ ನಿಂತಿರುವುದು ಮೊದಲ ಕೆಲವು ತರಗತಿಗಳಿಗೆ. ಅಲ್ಲಿಂದ ಮುಂದೆ ಮತ್ತೆ ಒಂದು ವರ್ಷ, ಒಂದು ಪುಸ್ತಕ, ಒಂದು ಪರೀಕ್ಷೆ. ಕನ್ನಡದ ಅಕ್ಷರ ಕೈವಶವಾಗಲು ನಾಲ್ಕಾರು ವರ್ಷ ಬೇಕೆಂದು ಅಧ್ಯಯನ ಹೇಳುವಾಗ, ಏಣಿಯನ್ನು ಇನ್ನಷ್ಟು ಉದ್ದವಾಗಿಸುವ ವಿಚಾರವನ್ನು ಶಿಕ್ಷಣ ಇಲಾಖೆ ಎತ್ತಿಕೊಳ್ಳಬೇಕಿದೆ. ಹಾಗೆ ಮಾಡಿದರೆ ಎಲ್ಲ ಮಕ್ಕಳಿಗೂ ಸಮಯ ಸಿಗುತ್ತದೆ. ಸಮಯ ಸಿಕ್ಕ ಮೇಲೂ ಯಾರು ತಡವರಿಸುತ್ತಾರೋ ಅವರನ್ನು ಗುರುತಿಸುವುದು ತರಗತಿಯ ಶಿಕ್ಷಕರಿಗೆ ಸುಲಭವಾಗುತ್ತದೆ, ಆಸ್ಪತ್ರೆಯ ಹೆಸರು ಸಿಗಬೇಕಾದವರಿಗೆ ಸಿಗುತ್ತದೆ. ಎರಡು ದಾರಿಗಳು ಕೂಡಬೇಕಾದ ಜಾಗ ಊರಿನ ಸರ್ಕಾರಿ ಶಾಲೆಯ ನಾಲ್ಕನೇ ತರಗತಿ.